ಆಸ್ಪತ್ರೆಯ ಪಕ್ಕದಲ್ಲೊಂದು ಪ್ರಸಾದ ನಿಲಯ

ಅನ್ನ, ಅಕ್ಷರ, ಆಶ್ರಯ ಈ ಮೂರನ್ನು ಸೇರಿಸಿ ತ್ರಿವಿಧ ದಾಸೋಹ ಎನ್ನುತ್ತೇವೆ. ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರಿಂದ ಈ ಮಾತು ನಾಡಿನ ಮನೆಮಾತಾಯಿತು. ಅನ್ನ ಮತ್ತು ಅಕ್ಷರದಲ್ಲಿ ನಮ್ಮ ಮಠಗಳು ಮಾಡಿದ ಸೇವೆಯನ್ನು ಯಾರೂ ಅಲ್ಲಗಳೆಯಲಾರರು. ಹಳ್ಳಿಯಿಂದ ಬರಿಗಾಲಲ್ಲಿ ಬಂದ ಎಷ್ಟೋ ಹುಡುಗರು ಮಠದ ಪ್ರಸಾದ ಉಂಡು ಓದಿ ಅಧಿಕಾರಿಗಳಾದರು. ನಾನೂ ಅವರಲ್ಲಿ ಒಬ್ಬ. ಪ್ರಸಾದ ನಿಲಯದಲ್ಲಿದ್ದು ಪಿಯುಸಿ ಮುಗಿಸಿ, ಇಂಜಿನಿಯರಿಂಗ್ ಓದಿ, ಲೋಕೋಪಯೋಗಿ ಇಲಾಖೆಯಲ್ಲಿ ಕಾರ್ಯನಿರ್ವಾಹಕ ಇಂಜಿನಿಯರ್ ಆಗಿ ನಿವೃತ್ತನಾದವನು.

ಆದರೆ ಮೂರನೆಯ ದಾಸೋಹ, ಆಶ್ರಯ ಎಂದಾಗ ನಮಗೆ ನೆನಪಾಗುವುದು ವಿದ್ಯಾರ್ಥಿ ನಿಲಯ, ಅನಾಥಾಲಯ, ವೃದ್ಧಾಶ್ರಮ. ಆಶ್ರಯ ತುರ್ತಾಗಿ ಬೇಕಾದ ಇನ್ನೊಂದು ಜಾಗವಿದೆ. ಅದು ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳ ಕಾಂಪೌಂಡಿನ ಹೊರಗಿನ ಫುಟ್‌ಪಾತ್. ಒಳಗೆ ಮಗು, ಮಗುವಿನ ಹತ್ತಿರ ತಾಯಿ. ಹೊರಗೆ ಟವೆಲ್ ಹಾಸಿಕೊಂಡು, ಚಪ್ಪಲಿಯನ್ನು ತಲೆದಿಂಬು ಮಾಡಿಕೊಂಡು ಮಲಗಿದ ತಂದೆ. ಈ ತಂದೆ-ತಾಯಿಗಳ ಆಶ್ರಯಕ್ಕೆಂದು ಹಣ ಕೂಡಿಸಲು ನಾನು ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಯ ಮ್ಯಾರಥಾನ್ ಓಡಿದೆ. ಆ ಓಟದ ಬಗ್ಗೆ ಹೇಳುವುದಕ್ಕಿಂತ, ಅದರಿಂದ ನಮ್ಮ ಸಮಾಜ ಏನು ಮಾಡಬಹುದು ಎಂಬುದನ್ನು ಶರಣ ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ಒಂದು ತಪ್ಪು ತಿಳುವಳಿಕೆ ದೂರವಾಗಬೇಕು. ‘ಈಗ ಸರಕಾರವೇ ಎಲ್ಲ ಕೊಡುತ್ತದಲ್ಲ, ನಾವೇಕೆ ಕೊಡಬೇಕು?’ ಎಂದು ಹಲವರು ಕೇಳುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಒಳ್ಳೆಯ ಯೋಜನೆ. ಆದರೆ ಅದು ರೋಗಿಯ ಚಿಕಿತ್ಸೆಗೆ. ಕೂಲಿಗೆ ಹೋಗಲಾಗದ ತಂದೆಯ ದಿನಗೂಲಿ, ತಾಯಿಯ ಎರಡು ಹೊತ್ತಿನ ಊಟ, ರೂಮಿನ ಬಾಡಿಗೆ, ಊರಿಗೂ ಆಸ್ಪತ್ರೆಗೂ ಓಡಾಡುವ ಬಸ್ ಚಾರ್ಜು, ಇವು ಯಾವ ಕಾರ್ಡಿನಲ್ಲೂ ಬರುವುದಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಕೆಲವು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ಎಷ್ಟೋ ದೇಶಗಳಲ್ಲಿ ಈ ಪ್ರಮಾಣ ಶೇ. 30ಕ್ಕಿಂತ ಕಡಿಮೆ. ಇದಕ್ಕೆ ಆ ಸಂಸ್ಥೆ ಕೊಡುವ ಕಾರಣಗಳಲ್ಲಿ ಒಂದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟುಹೋಗುವುದು. ಔಷಧ ಇದೆ, ವೈದ್ಯರಿದ್ದಾರೆ, ಹಾಸಿಗೆ ಇದೆ. ಆದರೂ ಮಗು ಉಳಿಯುವುದಿಲ್ಲ, ಏಕೆಂದರೆ ಮಗುವಿನ ಜೊತೆ ಊರುಬಿಟ್ಟು ಬಂದವರಿಗೆ ಅಲ್ಲಿ ನಿಲ್ಲಲು ನೆಲೆ ಇಲ್ಲ.

ನನ್ನ ಕೈಕೆಳಗೆ ರಸ್ತೆ ಕೆಲಸದಲ್ಲಿದ್ದ ಒಬ್ಬ ಗ್ಯಾಂಗ್‌ಮನ್‌ನ ಮಗನಿಗೆ ಹೀಗೆಯೇ ಆಯಿತು. ಹುಡುಗನಿಗೆ ಏಳು ವರ್ಷ. ಚಿಕಿತ್ಸೆ ಪುಕ್ಕಟೆ ಸಿಕ್ಕಿತು. ಮೊದಲ ತಿಂಗಳು ಬೀಗರು, ನೆಂಟರು, ಓಣಿಯವರು ಕೈಲಾದಷ್ಟು ಕೊಟ್ಟರು. ಎರಡನೆಯ ತಿಂಗಳು ಎಮ್ಮೆ ಮಾರಿದರು. ಮೂರನೆಯ ತಿಂಗಳು ದೊಡ್ಡ ಮಗಳನ್ನು ಶಾಲೆ ಬಿಡಿಸಿ ಮನೆ ನೋಡಿಕೊಳ್ಳಲು ನಿಲ್ಲಿಸಿದರು. ನಾಲ್ಕನೆಯ ತಿಂಗಳು ಹುಡುಗ ಆಟವಾಡತೊಡಗಿದ, ಮುಖಕ್ಕೆ ಕಳೆ ಬಂತು. ‘ಆರಾಮ ಆಗ್ಯಾನ್ರಿ ಸಾಹೇಬ್ರ, ಇನ್ನ ಎಷ್ಟ ದಿನಾ ಅಂತ ಬಸ್‌ಸ್ಟ್ಯಾಂಡಿನ್ಯಾಗ ಮಲಗೋದ್ರಿ’ ಎಂದು ಹೇಳಿ ಊರಿಗೆ ಕರೆತಂದರು. ಮುಂದಿನ ಡೋಸುಗಳಿಗೆ ಹೋಗಲಿಲ್ಲ. ಎಂಟು ತಿಂಗಳಿಗೆ ರೋಗ ಮರಳಿ ಬಂತು. ಈ ಸಲ ಹುಡುಗ ಉಳಿಯಲಿಲ್ಲ. ಆ ಮನೆಯವರನ್ನು ದಡ್ಡರು ಎನ್ನಬೇಡಿ. ನಾಲ್ಕು ತಿಂಗಳು ಬಸ್ ನಿಲ್ದಾಣದಲ್ಲಿ ಮಲಗಿ ನೋಡಿದವರಿಗೆ ಮಾತ್ರ ಆ ಲೆಕ್ಕ ಅರ್ಥವಾಗುತ್ತದೆ.

ಓಟಗಾರರಿಗೂ ಇಂಥದೊಂದು ಘಟ್ಟ ಬರುತ್ತದೆ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಸುಮಾರು 30 ಕಿ.ಮೀ. ಓಡುವಷ್ಟರಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಬಹುಮಟ್ಟಿಗೆ ತೀರಿರುತ್ತದೆ. ಕಾಲು ಕಲ್ಲಾಗುತ್ತದೆ. ಮುಂಬಯಿಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಬೆಳಗಿನ ಕತ್ತಲಲ್ಲಿ ಹೊರಟವರಿಗೆ, ಬಾಂದ್ರಾ-ವರಳಿ ಸೇತುವೆ ದಾಟಿ, ಮಾಹಿಮ್, ಶಿವಾಜಿ ಪಾರ್ಕ್ ಬಳಸಿ ಮರಳಿ ಬರುವಾಗ, 35 ಕಿ.ಮೀ. ದಾಟಿದ ಮೇಲೆ ಪೆಡ್ಡರ್ ರಸ್ತೆಯ ಏರು ಎದುರಾಗುತ್ತದೆ. ಹೊರಡುವಾಗ ಚಪ್ಪಾಳೆ ತಟ್ಟುವವರಿಗಿಂತ ಅಲ್ಲಿ ನಿಂತು ನೀರು, ಕಿತ್ತಳೆ ತೊಳೆ, ಉಪ್ಪು ಕೊಡುವವರೇ ಓಟಗಾರನನ್ನು ಮುಟ್ಟಿಸುವವರು. ಆಸ್ಪತ್ರೆ ಸೇರಿದ ಮಗುವಿನ ಮನೆಯವರಿಗೂ ಹಾಗೆಯೇ. ಮೊದಲ ವಾರ ಹಣ್ಣು ಹಿಡಿದು ಬರುವವರು ಬಹಳ. ನಾಲ್ಕನೆಯ ತಿಂಗಳಲ್ಲಿ ಪಕ್ಕದಲ್ಲಿ ನಿಲ್ಲುವವರು ಬೇಕು.

ಹಾಗೆ ನಿಂತವರ ಉದಾಹರಣೆ ಮುಂಬಯಿಯಲ್ಲೇ ಇದೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ನಡೆಯುತ್ತಿದೆ. ದೇಶದ ಮೂಲೆಮೂಲೆಯಿಂದ ಅಲ್ಲಿಗೆ ರೋಗಿಗಳು ಬರುತ್ತಾರೆ, ನಮ್ಮ ಉತ್ತರ ಕರ್ನಾಟಕದವರೂ ಬರುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಕ್ಯಾನ್ಸರ್ ರೋಗಿಗಳಿಗೂ ಅವರ ಜೊತೆ ಬಂದವರಿಗೂ ಇಳಿದುಕೊಳ್ಳಲು ಜಾಗ ಕೊಡುತ್ತಿದೆ. ಗಾಡಗೆ ಬಾಬಾ ಕೈಯಲ್ಲಿ ಪೊರಕೆ ಹಿಡಿದು ಊರು ಗುಡಿಸಿದವರು, ಜಾತಿ, ಮೂಢನಂಬಿಕೆಗಳ ವಿರುದ್ಧ ಕೀರ್ತನೆ ಮಾಡಿದವರು, ಜನರು ಕೊಟ್ಟ ಹಣದಲ್ಲಿ ಧರ್ಮಶಾಲೆಗಳನ್ನು ಕಟ್ಟಿಸಿದವರು. ಶರಣ ಮಾರ್ಗದವರಾದ ನಮಗೆ ಅವರು ಹೊರಗಿನವರೆನಿಸುವುದಿಲ್ಲ. 2006ರಲ್ಲಿ ಅದೇ ಮುಂಬಯಿಯಲ್ಲಿ ಸೇಂಟ್ ಜೂಡ್ ಇಂಡಿಯಾ ಎಂಬ ಸಂಸ್ಥೆ ಕ್ಯಾನ್ಸರ್ ಬಂದ ಮಕ್ಕಳಿಗೂ ತಂದೆ-ತಾಯಿಗಳಿಗೂ ಪುಕ್ಕಟೆ ವಸತಿ ಕೊಡಲು ಆರಂಭಿಸಿ ಈಗ ಬೇರೆ ನಗರಗಳಿಗೂ ಹಬ್ಬಿದೆ. ಪ್ರತಿ ಕುಟುಂಬಕ್ಕೂ ತನ್ನದೇ ಜಾಗ. ಅಡುಗೆಮನೆ ಎಲ್ಲರದೂ, ಅಡುಗೆ ಮಾತ್ರ ಅವರವರ ತಾಯಿಯದು. ಜೋಳದ ರೊಟ್ಟಿ ತಿಂದು ಬೆಳೆದ ಮಗು ಜ್ವರದಲ್ಲಿ ಕೇಳುವುದು ಅದನ್ನೇ ಅಲ್ಲವೇ?

ಇನ್ನು ಓಟದ ಮಾತು. ‘ಅರವತ್ತು ದಾಟಿದ ಮೇಲೆ ಶಿವಯೋಗಕ್ಕೆ ಕೂಡಬೇಕ್ರಿ, ಚಡ್ಡಿ ಹಾಕ್ಕೊಂಡು ಓಡೋದಲ್ಲ’ ಎಂದು ನನ್ನ ಹಿರಿಯ ಮಿತ್ರರೊಬ್ಬರು ನಕ್ಕರು. ಇನ್ನೊಬ್ಬರು ‘ಕೊಡೋದಿದ್ದರೆ ಚೆಕ್ ಬರೆದು ಕೊಡ್ರಿ, ಈ ಪ್ರದರ್ಶನ ಯಾಕೆ?’ ಎಂದರು. ಎರಡನೆಯ ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಡಲೇಬೇಕು.

ನಮ್ಮ ಪೂಜ್ಯರು ಜೋಳಿಗೆ ಹಿಡಿದು ಊರೂರು ತಿರುಗಿ ಕಾಳುಕಡಿ ತಂದು ಪ್ರಸಾದ ನಿಲಯ ನಡೆಸಿದರು. ಒಬ್ಬ ಶ್ರೀಮಂತನ ಮನೆಗೆ ಹೋಗಿ ಒಂದೇ ಸಲ ತರಬಹುದಿತ್ತು. ಹಾಗೆ ಮಾಡದೆ ಮನೆಮನೆಗೆ ಹೋದರು. ಹಿಡಿ ಜೋಳ ಕೊಟ್ಟ ಮುದುಕಿಗೂ ಆ ಪ್ರಸಾದ ನಿಲಯ ತನ್ನದೆನಿಸಿತು. ಓಟಗಾರನ ಎದೆಯ ಮೇಲಿನ ನಂಬರ್ ಚೀಟಿಯೂ ಒಂದು ಜೋಳಿಗೆಯೇ. ನಾನೊಬ್ಬನೇ ಚೆಕ್ ಬರೆದಿದ್ದರೆ ವಿಷಯ ನನ್ನಲ್ಲೇ ಮುಗಿಯುತ್ತಿತ್ತು. ‘ಕಿಲೋಮೀಟರಿಗೆ ಹತ್ತು ರೂಪಾಯಿ ಹಾಕಿರಿ’ ಎಂದು ಕೇಳಿದಾಗ ಒಬ್ಬೊಬ್ಬರಿಗೆ 422 ರೂಪಾಯಿ ಆಯಿತು, ಯಾರಿಗೂ ಹೊರೆಯಾಗಲಿಲ್ಲ. ಅಂಥ ಇನ್ನೂರು ಜನ ಕೂಡಿದರೆ 84,400 ರೂಪಾಯಿ. ಅದಕ್ಕಿಂತ ಮುಖ್ಯವಾಗಿ, ಮಕ್ಕಳ ವಾರ್ಡಿನ ಹೊರಗೆ ಏನು ನಡೆದಿದೆ ಎಂಬುದು ಇನ್ನೂರು ಮನೆಗಳಿಗೆ ತಿಳಿಯುತ್ತದೆ.

ಕೆನಡಾದ ಟೆರಿ ಫಾಕ್ಸ್ ಎಂಬ ತರುಣ ಮಾಡಿದ್ದೂ ಇದನ್ನೇ. ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡಿದ್ದ ಅವನು 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನಿನಷ್ಟು ದೂರ ಓಡುತ್ತ 143 ದಿನಗಳಲ್ಲಿ 5,373 ಕಿ.ಮೀ. ಸಾಗಿದ. ಆಸ್ಪತ್ರೆಯಲ್ಲಿ ತನ್ನ ಜೊತೆಗಿದ್ದ ರೋಗಿಗಳ, ಮಕ್ಕಳ ಸಂಕಟವನ್ನು ಕಂಡು ಹೊರಟವನು ಅವನು. ಕ್ಯಾನ್ಸರ್ ಸಂಶೋಧನೆಗಾಗಿ ಪ್ರತಿಯೊಬ್ಬ ಕೆನಡಾ ಪ್ರಜೆಯೂ ಒಂದೊಂದು ಡಾಲರ್ ಕೊಡಲಿ ಎಂಬುದಷ್ಟೇ ಅವನ ಬೇಡಿಕೆ. ರೋಗ ಶ್ವಾಸಕೋಶಕ್ಕೆ ಹರಡಿ ಓಟ ನಿಂತಿತು. 1981ರ ಜೂನ್‌ನಲ್ಲಿ 22ನೆಯ ವಯಸ್ಸಿಗೆ ತೀರಿಕೊಂಡ. ಅಷ್ಟರೊಳಗೆ ದೇಶದ ತಲೆಗೊಂದು ಡಾಲರಿನಷ್ಟು, ಅಂದರೆ 2.4 ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿತ್ತು. ತನ್ನ ಓಟದ ಹೆಸರಿನಲ್ಲಿ ಯಾವ ಕಂಪನಿಯೂ ಲಾಭ ಮಾಡಿಕೊಳ್ಳಲು ಅವನು ಬಿಡಲಿಲ್ಲ.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಇಷ್ಟೇಕೆ ಎಂದು ಮರಳಿ ಚೆಲ್ಲಿ ಬರಲು ಕಳಿಸಿದ ತಾಯಿ ಅವಳು. ದಾಸೋಹಕ್ಕೆ ಹಣ ಕೂಡಿಸುವ ಪ್ರತಿಯೊಬ್ಬರಿಗೂ ಅವಳೇ ಲೆಕ್ಕ ಪರಿಶೋಧಕಿ. ಓಟದ ಪ್ರವೇಶ ಶುಲ್ಕ, ಬೂಟು, ರೈಲು ಚಾರ್ಜು ಓಡುವವನ ಸ್ವಂತ ದುಡಿಮೆಯದಾಗಿರಬೇಕು. ನಾನು ಪಿಂಚಣಿಯಿಂದ ಹಾಕಿದೆ. ಕೂಡಿದ ಹಣ ಓಡಿದವನ ಖಾತೆಗೆ ಬರದೆ ನೇರವಾಗಿ ಸಂಸ್ಥೆಯ ಖಾತೆಗೆ ಹೋಗಿ ರಸೀದಿ ಬರಬೇಕು. ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂದು ಕೊಟ್ಟವರಿಗೆಲ್ಲ ತಿಳಿಸಬೇಕು. ಇಷ್ಟು ಮಾಡದಿದ್ದರೆ ಓಟ ಬರೀ ಪ್ರದರ್ಶನವೇ, ನನ್ನ ಮಿತ್ರರ ಆಕ್ಷೇಪವೇ ಸರಿ.

ಇನ್ನೂ ಒಂದು ಮಾತಿದೆ. ದಾನದಲ್ಲಿ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಬೋಳುತಲೆಯ ಮಗುವಿನ ಪಕ್ಕದಲ್ಲಿ ನಿಂತು ದೊಡ್ಡ ಚೆಕ್ಕಿನ ಫೋಟೋ ತೆಗೆಸಿಕೊಳ್ಳುವ ಚಾಳಿ ನಮ್ಮಲ್ಲೂ ಬಂದಿದೆ. ಅದು ದಾಸೋಹವಲ್ಲ. ಬಾಗಿಲಲ್ಲಿ ‘ಯಾವ ಮಂದಿ?’ ಎಂದು ಕೇಳುವುದೂ ದಾಸೋಹವಲ್ಲ. ಲಿಂಗವಂತರೋ, ದಲಿತರೋ, ಮುಸಲ್ಮಾನರೋ, ಮಗುವಿನ ಆಸ್ಪತ್ರೆ ಚೀಟಿ ನೋಡಿ ಕೋಣೆ ಕೊಡಬೇಕು. ಇವ ನಮ್ಮವನೇ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ. ಕೋಣೆಯ ಕೀಲಿ ಕೊಡುವಾಗಲೂ ಹೇಳಿದರೆ ಅದು ಬಸವ ತತ್ವ.

ಈಗ ಮಠಗಳ ಪೂಜ್ಯರಲ್ಲಿ ನನ್ನ ವಿನಂತಿ. ಹೊಸ ಕಟ್ಟಡ ಕಟ್ಟಿರಿ ಎಂದು ನಾನು ಕೇಳುವುದಿಲ್ಲ. ಕಟ್ಟಡಗಳಲ್ಲೇ ಜೀವನ ಕಳೆದವನಾದ್ದರಿಂದ ಇದ್ದುದನ್ನು ಮೊದಲು ಬಳಸಿರಿ ಎನ್ನುತ್ತೇನೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯಂಥ ಊರುಗಳಲ್ಲಿ ನಮ್ಮ ಮಠ, ಸಂಘ ಸಂಸ್ಥೆಗಳ ಕಲ್ಯಾಣ ಮಂಟಪಗಳಿವೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲವೆಂದು ಅವುಗಳ ಕೋಣೆಗಳಿಗೆ ಬೀಗ. ಮುಹೂರ್ತ ನೋಡಬಾರದೆಂದು ಹೇಳಿದ ಶರಣರ ಮಕ್ಕಳು ನಾವು! ಮಕ್ಕಳ ರೋಗ ಮುಹೂರ್ತ ನೋಡಿ ಬರುವುದಿಲ್ಲ. ಒಂದೊಂದು ಮಂಟಪದ ನಾಲ್ಕು ಕೋಣೆಗಳನ್ನು ವರ್ಷವಿಡೀ ಈ ಕುಟುಂಬಗಳಿಗೆ ಮೀಸಲಿಟ್ಟರೂ ದೊಡ್ಡ ಆರಂಭ.

ಆದರೆ ಕೋಣೆ ಕೊಟ್ಟರೆ ಮುಗಿಯಿತು ಎಂದುಕೊಳ್ಳಬಾರದು. ಕೀಮೋ ಚಿಕಿತ್ಸೆಯಲ್ಲಿರುವ ಮಗುವಿಗೆ ಸೋಂಕು ಬೇಗ ತಗಲುತ್ತದೆ. ಹೀಗಾಗಿ ನೂರು ಜನ ಮಲಗುವ ಹಾಲ್ ಕೆಲಸಕ್ಕೆ ಬಾರದು. ಎದುರುಬದುರು ಕಿಟಕಿಯ ಗಾಳಿಯಾಡುವ ಕೋಣೆ, ಕಿಟಕಿಗೆ ಸೊಳ್ಳೆ ಜಾಲರಿ, ಕುಟುಂಬಕ್ಕೊಂದು ಶೌಚಾಲಯ, ಕುದಿಸಿ ಆರಿಸಿದ ನೀರು, ಬಿಸಿ ಅಡುಗೆಗೆ ಒಂದೊಂದು ಒಲೆ, ರಾತ್ರಿ ಜ್ವರ ಬಂದರೆ ಕರೆದೊಯ್ಯಲು ಒಂದು ವಾಹನದ ಏರ್ಪಾಡು ಬೇಕು. ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಚೀಟಿಯ ಮೇಲೆ ಕೋಣೆ ಕೊಟ್ಟರೆ ಅರ್ಹರಿಗೇ ಸಿಗುತ್ತದೆ. ಇವೆಲ್ಲ ಒಬ್ಬ ನಿವೃತ್ತ ಇಂಜಿನಿಯರ್, ಒಬ್ಬ ನಿವೃತ್ತ ನರ್ಸ್ ಕೂಡಿ ಮಾಡಿಸಬಹುದಾದ ಕೆಲಸ. ನಮ್ಮ ಸಮಾಜದಲ್ಲಿ ಅಂಥವರಿಗೆ ಕೊರತೆಯಿಲ್ಲ.

ನಡೆಸುವ ಖರ್ಚಿಗೆ ಓಟದ ಜೋಳಿಗೆ ಇದೆ. ಎಲ್ಲರೂ 42 ಕಿ.ಮೀ. ಓಡಬೇಕಾಗಿಲ್ಲ. ನನ್ನ ವಯಸ್ಸಿನವರು ಇಸಿಜಿ, ಟಿಎಂಟಿ ಮಾಡಿಸಿ, ವೈದ್ಯರು ಸರಿ ಎಂದರೆ ಮಾತ್ರ ಹೆಜ್ಜೆ ಹಾಕಲಿ. ನಾನು ಮೊದಲ ಆರು ತಿಂಗಳು ಬರೀ ನಡೆದೆ. ಪಾದಯಾತ್ರೆ ನಮಗೆ ಹೊಸದಲ್ಲ. ಚಳಿಗಾಲದ ಒಂದು ಭಾನುವಾರ ಪ್ರತಿ ತಾಲ್ಲೂಕಿನಲ್ಲಿ ಹತ್ತು ಕಿಲೋಮೀಟರ್ ನಡಿಗೆ ಇಟ್ಟುಕೊಂಡು, ಐದುನೂರು ಜನ ತಲಾ ನೂರು ರೂಪಾಯಿ ಹಾಕಿದರೆ 50,000 ರೂಪಾಯಿ. ಇಳಕಲ್ಲಿನ ಪೂಜ್ಯ ಡಾ. ಮಹಾಂತ ಸ್ವಾಮಿಗಳು ಜೋಳಿಗೆಯಲ್ಲಿ ಜನರ ದುಶ್ಚಟಗಳನ್ನು ಬೇಡಿದರು. ಆ ಮಹಾಂತ ಜೋಳಿಗೆಯನ್ನು ಇಲ್ಲಿಯೂ ಹಿಡಿಯೋಣ. ದಿನಕ್ಕೆ 50 ರೂಪಾಯಿ ಗುಟ್ಕಾಕ್ಕೆ ಹಾಕುವವನು 42 ದಿನ ಬಿಟ್ಟರೆ 2,100 ರೂಪಾಯಿ. ಅವನ ಬಾಯಿಯೂ ಉಳಿಯಿತು, ಒಂದು ತಾಯಿಯ ಊಟವೂ ಆಯಿತು.

ನೂರು ವರ್ಷದ ಹಿಂದೆ ಓದಲು ಬಂದ ಬಡ ಹುಡುಗನಿಗೆ ಊಟ, ವಸತಿ ಇಲ್ಲದಿದ್ದರೆ ಶಾಲೆ ಇದ್ದೂ ಉಪಯೋಗವಿಲ್ಲ ಎಂದು ನಮ್ಮ ಹಿರಿಯರು ಕಂಡುಕೊಂಡರು. ಪ್ರಸಾದ ನಿಲಯಗಳು ಹುಟ್ಟಿದವು. ಇಂದು ಆಸ್ಪತ್ರೆ ಇದೆ, ಔಷಧ ಇದೆ, ಸರಕಾರದ ಕಾರ್ಡೂ ಇದೆ. ತಂದೆ-ತಾಯಿಗೆ ಊಟ, ವಸತಿ ಇಲ್ಲದೆ ಮಗು ಅರ್ಧ ಚಿಕಿತ್ಸೆಯಲ್ಲಿ ಊರಿಗೆ ಮರಳುತ್ತಿದೆ. ಅಂದಿನ ಪ್ರಶ್ನೆಯೇ ಇಂದು ಬೇರೆ ಬಾಗಿಲಲ್ಲಿ ನಿಂತಿದೆ. ಈ ಪತ್ರಿಕೆ ಓದುವ ಪ್ರತಿ ಬಸವ ಕೇಂದ್ರ, ಪ್ರತಿ ಅಕ್ಕನ ಬಳಗ ಮುಂದಿನ ಸಭೆಯಲ್ಲಿ ಒಂದೇ ವಿಷಯ ಚರ್ಚಿಸಲಿ: ನಮ್ಮ ಊರಿನ ದೊಡ್ಡ ಆಸ್ಪತ್ರೆಯ ಹತ್ತಿರ ನಮ್ಮವರ ಬೀಗ ಹಾಕಿದ ಕೋಣೆಗಳು ಎಷ್ಟಿವೆ? ಎಣಿಸಿ ಬಂದ ದಿನವೇ ಕೆಲಸ ಶುರುವಾದಂತೆ.