ಸಾಲಕ್ಕೆ ಮುನ್ನ ಪಾಠ

ಗಲ್ಫ್ ರಾಷ್ಟ್ರಗಳಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿದವರು ಉಳಿತಾಯದ ಹಣವನ್ನೆಲ್ಲ ಸುರಿದು ಅಂಗಡಿಯನ್ನೋ ಬೇಕರಿಯನ್ನೋ ತೆರೆಯುವುದು, ಒಂದೆರಡು ವರ್ಷಗಳೊಳಗೆ ಅದು ಬಾಗಿಲು ಹಾಕುವುದು ನಮ್ಮ ಕುಟುಂಬಗಳಿಗೆ ಹೊಸ ಸಂಗತಿಯೇನಲ್ಲ. ಆಗ 'ಅವನಿಗೆ ವ್ಯಾಪಾರ ಕೈಹಿಡಿಯಲಿಲ್ಲ' ಎನ್ನುತ್ತೇವೆಯೇ ಹೊರತು, ಕಲಿಯದೆ ತೊಡಗಿದ್ದ ಎಂದು ಯಾರೂ ಹೇಳುವುದಿಲ್ಲ. ಮಗನ ಇಂಜಿನಿಯರಿಂಗ್ ವ್ಯಾಸಂಗಕ್ಕೆ ನಾಲ್ಕು ವರ್ಷಗಳನ್ನು ಮೀಸಲಿಡುವ ನಾವು, ಮಡದಿಯ ಚಿನ್ನವನ್ನು ಅಡವಿಟ್ಟು ಆರಂಭಿಸುವ ವ್ಯವಹಾರಕ್ಕೆ ನಾಲ್ಕು ವಾರಗಳ ತರಬೇತಿಯೂ ಬೇಡವೆಂದು ಭಾವಿಸಿರುವುದು ಸೋಜಿಗವೇ ಸರಿ.

ವ್ಯಾಪಾರವು ರಕ್ತದಲ್ಲಿಯೇ ಬರಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ನೀಡಿ ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದರು. ತರಬೇತಿ ಪಡೆದವರು ಮುಂದೆ ಪಡೆಯದವರಿಗಿಂತ ಹೆಚ್ಚು ಚಟುವಟಿಕೆಯಿಂದ ಹೊಸ ಉದ್ಯಮಗಳಿಗೆ ಕೈಹಾಕಿದರು. ಇಂತಹ ತರಬೇತಿಗಳಲ್ಲಿ ಇಂದಿಗೂ ಆಡಿಸುವ ಬಳೆ ಎಸೆಯುವ ಆಟವೊಂದಿದೆ. ನೆಟ್ಟ ಗೂಟಕ್ಕೆ ಬಳೆಯನ್ನು ಎಸೆಯಬೇಕು. ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದು ಆಟಗಾರನ ಇಚ್ಛೆ. ತೀರ ಹತ್ತಿರ ನಿಂತರೆ ಸಾಧನೆಯಿಲ್ಲ, ತೀರ ದೂರ ನಿಂತರೆ ಅದೃಷ್ಟವೇ ಗತಿ. ಕಷ್ಟವಾದರೂ ಕೈಗೆಟಕುವ ದೂರವನ್ನು ಅಳೆದು ನಿಲ್ಲುವವನೇ ಉದ್ಯಮಿ. ಮಕ್ಕಳಾಟದಂತೆ ತೋರಬಹುದು, ಆದರೆ ಮೊದಲ ಪ್ರಯತ್ನದಲ್ಲಿಯೇ ಭಾರೀ ಸಾಲಕ್ಕೆ ಕೈಯೊಡ್ಡುವವನಿಗೆ ಇದಕ್ಕಿಂತ ಒಳ್ಳೆಯ ಪಾಠ ಮತ್ತೊಂದಿಲ್ಲವೆಂದು ನಮ್ಮ ಭಾವನೆ.

ಈ ವಿದ್ಯೆಯನ್ನು ಅರಸಿ ದೂರ ಹೋಗಬೇಕಾಗಿಲ್ಲ. 1982ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟು, ಅಂದಿನ ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕ್ ಒಟ್ಟುಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿದವು. ಗ್ರಾಮೀಣ ನಿರುದ್ಯೋಗಿ ಯುವಜನರಿಗೆ ಊಟ-ವಸತಿಸಹಿತ ಉಚಿತ ತರಬೇತಿ ನೀಡುವ ಈ ಮಾದರಿಯನ್ನೇ ಕೇಂದ್ರ ಸರಕಾರವು ಮುಂದೆ ಜಿಲ್ಲೆಗೊಂದರಂತೆ ಆರ್‌ಸೆಟಿ ಎಂಬ ಹೆಸರಿನಿಂದ ದೇಶದಾದ್ಯಂತ ವಿಸ್ತರಿಸಿತು. ಇಲ್ಲಿ ಕಸುಬಿನೊಂದಿಗೆ ಮಾರುಕಟ್ಟೆಯ ಸಮೀಕ್ಷೆ, ಯೋಜನಾ ವರದಿಯ ತಯಾರಿ, ಬ್ಯಾಂಕಿನೊಡನೆ ವ್ಯವಹರಿಸುವ ಬಗೆಯನ್ನೂ ಕಲಿಸುತ್ತಾರೆ. ತರಬೇತಿ ಮುಗಿಸಿದವರ ಯೋಗಕ್ಷೇಮವನ್ನು ಎರಡು ವರ್ಷಗಳ ಕಾಲ ವಿಚಾರಿಸುವುದು ಇದರ ಹೆಚ್ಚುಗಾರಿಕೆ.

ಆದರೂ ಹೊಸಬರು ಎಡವುವುದು ಬಹುಮಟ್ಟಿಗೆ ಲೆಕ್ಕದಲ್ಲಿ. ಮನೆಯಲ್ಲಿ ಉಪ್ಪಿನಕಾಯಿ ಮಾಡಿ ಮಾರುವ ಗೃಹಿಣಿ ಮಾವು, ಎಣ್ಣೆ, ಭರಣಿಗಳ ಬೆಲೆಯನ್ನು ಕೂಡಿಸುತ್ತಾಳೆ. ತನ್ನ ದುಡಿಮೆಯ ಕೂಲಿಯನ್ನೂ ಅಡುಗೆ ಅನಿಲದ ಖರ್ಚನ್ನೂ ಬಿಟ್ಟುಬಿಡುತ್ತಾಳೆ. ಹೀಗಾಗಿ ವ್ಯಾಪಾರ ಹೆಚ್ಚಿದಷ್ಟೂ ನಷ್ಟವೂ ಹೆಚ್ಚುತ್ತದೆ. ಗಲ್ಲಾಪೆಟ್ಟಿಗೆಯ ಹಣದಲ್ಲಿಯೇ ಮನೆಯ ದಿನಸಿ ಬರುತ್ತಿದ್ದರೆ ಲಾಭವೆಷ್ಟೆಂದು ತಿಳಿಯುವುದಾದರೂ ಹೇಗೆ? 2025ರ ಜುಲೈ ತಿಂಗಳಲ್ಲಿ ಯುಪಿಐ ಮೂಲಕ ಜಮೆಯಾದ ಮೊತ್ತವನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ನೀಡಿದಾಗ ಎದ್ದ ಗದ್ದಲವನ್ನು ವಾಚಕರು ಮರೆತಿರಲಾರರು. ಹಾಲು, ತರಕಾರಿಗಳಂತಹ ತೆರಿಗೆಯಿಲ್ಲದ ವಸ್ತುಗಳನ್ನು ಮಾರಿದವರಿಗೂ ನೋಟೀಸು ತಲುಪಿತ್ತು. ಇಲಾಖೆಯ ಕ್ರಮ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ದಿನದ ಮಾರಾಟವನ್ನು ಪುಸ್ತಕದಲ್ಲಿ ಬರೆದಿಟ್ಟವನಿಗೆ ಉತ್ತರ ಕೊಡುವುದು ಸುಲಭವಾಗಿತ್ತು, ಉಳಿದವರು ಕಂಗಾಲಾದರು.

ಅರಿವಿಲ್ಲದವರ ಬೆನ್ನಿಗೆ ಮಧ್ಯವರ್ತಿಗಳು ಬೀಳುವುದೂ ಇದ್ದದ್ದೇ. 2020ರ ಜುಲೈಯಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಗೆ ಸರಕಾರವು ಒಂದು ಪೈಸೆಯನ್ನೂ ಪಡೆಯುವುದಿಲ್ಲ. ಆದರೂ ಇದಕ್ಕಾಗಿ ಸಾವಿರಾರು ರೂಪಾಯಿ ತೆತ್ತವರಿದ್ದಾರೆ.

ನಮ್ಮ ಚರ್ಚುಗಳ ಸೂಚನಾ ಫಲಕಗಳಲ್ಲಿ ವಿದೇಶದ ಉದ್ಯೋಗಾವಕಾಶಗಳ ಪ್ರಕಟಣೆಗೆ ಎಂದೂ ಸ್ಥಳದ ಅಭಾವವಾದದ್ದಿಲ್ಲ. ಅದರ ಪಕ್ಕದಲ್ಲಿಯೇ ಜಿಲ್ಲೆಯ ಆರ್‌ಸೆಟಿಯ ಮುಂದಿನ ತರಬೇತಿಯ ದಿನಾಂಕವನ್ನೂ, ಅರ್ಜಿ ಸಲ್ಲಿಸಬೇಕಾದ ವಿಳಾಸವನ್ನೂ ಅಂಟಿಸಲು ಪಾಲನಾ ಮಂಡಳಿಗಳು ಮನಸ್ಸು ಮಾಡಬೇಕು.