ಕಪ್ಪು ಡಬ್ಬಿ, ಕೆಂಪು ಅಕ್ಷರ

"ಆಟ ಚೆನ್ನಾಗಿದ್ರೆ ಸಾಕು ಗುರು, ಜನ ತಾವಾಗೇ ಹುಡುಕ್ಕೊಂಡು ಬರ್ತಾರೆ." ಬೆಂಗಳೂರಲ್ಲಿ ವಿಡಿಯೋ ಗೇಮ್ ಮಾಡೋರು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಹೇಳುವವರನ್ನು ಸ್ವಲ್ಪ ಗಮನಿಸಿ. ಹೆಚ್ಚಿನವರಿಗೆ ತಿಂಗಳ ಕೊನೆಗೆ ಯಾವುದೋ ಕಂಪನಿಯಿಂದ ಸಂಬಳ ಬಂದು ಬೀಳುತ್ತಿರುತ್ತದೆ. ಅವರ ಆಟ ಓಡಿದರೂ ಸೈ, ಮಲಗಿದರೂ ಸೈ. ಕೆಲಸ ಬಿಟ್ಟು, ಉಳಿತಾಯ ಕರಗಿಸಿ, ಎರಡು ವರ್ಷ ಒಂದೇ ಆಟಕ್ಕೆ ಕೂತವನಿಗೆ ಈ ವೇದಾಂತ ಹೇಳಿಕೊಂಡು ತಿರುಗುವ ಅನುಕೂಲ ಇಲ್ಲ.

ಯಾಕೆಂದರೆ ಅಂಗಡಿಯಲ್ಲಿ ಮೊದಲು ಕಾಣುವುದು ಆಟ ಅಲ್ಲ, ಅದರ ಪುಟಾಣಿ ಚಿತ್ರ. ಥಂಬ್‌ನೇಲ್ ಅನ್ನಿ, ಸ್ಟೀಮ್‌ನವರ ಭಾಷೆಯಲ್ಲಿ ಕ್ಯಾಪ್ಸೂಲ್ ಅನ್ನಿ. ಪಿಸಿ ಗೇಮುಗಳ ದೊಡ್ಡ ಸಂತೆ ಈ ಸ್ಟೀಮ್. ಒಂದು ಆಟಕ್ಕೆ 100 ಡಾಲರ್ ಕಟ್ಟಿದರೆ ಯಾರು ಬೇಕಾದರೂ ಅಲ್ಲಿ ಮಾಲು ಹರಡಬಹುದು. 2024ರ ಒಂದೇ ವರ್ಷದಲ್ಲಿ ಅಲ್ಲಿಗೆ ಬಂದ ಹೊಸ ಆಟಗಳು 18,000ಕ್ಕೂ ಹೆಚ್ಚು. ದಿನಕ್ಕೆ 50ರ ಆಸುಪಾಸು ಆಯಿತು. ಆ ಸಾಲಿನಲ್ಲಿ ನಿಮ್ಮ ಎರಡು ವರ್ಷ ಒಂದು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ನಿಂತಿರುತ್ತದೆ, ನೋಡುವವನ ಬೆರಳು ಸ್ಕ್ರೋಲ್ ಮಾಡುತ್ತಲೇ ಇರುತ್ತದೆ.

ನನ್ನ ಗೆಳೆಯನೊಬ್ಬ ಹಾರರ್ ಆಟ ಮಾಡಿದ್ದಾನೆ. ಹೆಸರು ಬೇಡ. ಮಲೆನಾಡಿನ ಪಾಳು ಮನೆ, ಬಿಡದ ಮಳೆ, ಅಜ್ಜಿ ಸತ್ತ ಮೇಲೆ ಮನೆ ಖಾಲಿ ಮಾಡಲು ಬಂದ ಒಬ್ಬ ಮೊಮ್ಮಗ. ಆಡಿದ ರಾತ್ರಿ ನಾನು ಬಾತ್‌ರೂಮಿನ ದೀಪ ಆರಿಸದೆ ಮಲಗಿದ್ದೆ, ಅಷ್ಟು ಚೆನ್ನಾಗಿದೆ. ಅಂಥ ಆಟಕ್ಕೆ ಅವನು ಥಂಬ್‌ನೇಲ್ ಮಾಡಿದ್ದು ಬಿಡುಗಡೆಯ ಹಿಂದಿನ ವಾರ, ಒಂದು ಸಂಜೆಯಲ್ಲಿ. ಕಪ್ಪು ಹಿನ್ನೆಲೆ, ದೂರದಲ್ಲೊಂದು ಕಾರಿಡಾರ್, ಅದರ ಮೇಲೆ ತೆಳ್ಳಗೆ ರಕ್ತ ಸೋರುವ ಕೆಂಪಕ್ಷರ. ವಾಟ್ಸಾಪ್ ಗ್ರೂಪಿಗೆ ಹಾಕಿದ. ಎಲ್ಲರೂ ಫುಲ್ ಸ್ಕ್ರೀನ್ ಮಾಡಿ ನೋಡಿದರು. "ಸೂಪರ್ ಮಚ್ಚಾ", ಬೆಂಕಿ ಎಮೋಜಿ, ಚಪ್ಪಾಳೆ. "ಇದನ್ನ ಸಣ್ಣದು ಮಾಡಿ ನೋಡೋ" ಅಂದ ನನಗೆ ಸಿಕ್ಕಿದ್ದು 'ಮಾರ್ಕೆಟಿಂಗ್ ಬ್ರೋಕರ್' ಅನ್ನೋ ಬಿರುದು. ಇರಲಿ, ಬ್ರೋಕರ್ ಆಗಿಯೇ ಮಾತಾಡ್ತೀನಿ.

ಸ್ಟೀಮ್ ಚಿಕ್ಕ ಕ್ಯಾಪ್ಸೂಲನ್ನು 462×174 ಪಿಕ್ಸೆಲ್ ಅಳತೆಯಲ್ಲಿ ಕೇಳುತ್ತದೆ. ಅದರಿಂದ 184×69, 120×45ರ ಮರಿಗಳನ್ನು ತಾನೇ ಮಾಡಿಕೊಳ್ಳುತ್ತದೆ. ಹುಡುಕಿದಾಗ, ಪಟ್ಟಿ ನೋಡುವಾಗ ಕಾಣುವುದು ಈ ಮರಿಗಳೇ. 120×45 ಅಂದರೆ ಒಟ್ಟು 5,400 ಪಿಕ್ಸೆಲ್. ನಿಮ್ಮ ಫುಲ್ ಎಚ್‌ಡಿ ಮಾನಿಟರಿನಲ್ಲಿ ಇರುವುದು 20 ಲಕ್ಷಕ್ಕೂ ಹೆಚ್ಚು. ಗ್ರೂಪಿನಲ್ಲಿ ಎಲ್ಲರೂ ಹೊಗಳಿದ್ದು ಆ 20 ಲಕ್ಷದ ಚಿತ್ರವನ್ನು, ಗಿರಾಕಿ ನೋಡೋದು ಈ ಐದು ಸಾವಿರದ್ದನ್ನು. ಅಷ್ಟು ಜಾಗದಲ್ಲಿ ಗೆಳೆಯನ ಕಾರಿಡಾರು ಸೀದ ದೋಸೆ ಥರ ಕಾಣುತ್ತದೆ. ಸ್ಟೀಮ್‌ನ ಅಂಗಡಿಯ ಹಿನ್ನೆಲೆಯೇ ಕಡು ನೀಲಿ. ಅದರ ಮೇಲೆ ಕಪ್ಪು ಡಬ್ಬಿ ಇಟ್ಟರೆ ಡಬ್ಬಿಯ ಅಂಚು ಎಲ್ಲಿ ಅಂತಲೂ ತಿಳಿಯುವುದಿಲ್ಲ.

ಇನ್ನು ಆ ಕೆಂಪು. ಹಾರರ್ ಅಂದರೆ ಕೆಂಪಕ್ಷರ ಅಂತ ಯಾರು ಶಾಸನ ಬರೆಸಿಟ್ಟರೋ ಕಾಣೆ. ಪರದೆಯ ಹೊಳಪಿನ ಲೆಕ್ಕದಲ್ಲಿ ಅಪ್ಪಟ ಕೆಂಪಿಗೆ ಸಿಗುವುದು ಬಿಳಿಯ ಶೇಕಡ 21ರಷ್ಟು ಮಾತ್ರ. ರಕ್ತದ ಕಡುಗೆಂಪು ಅದಕ್ಕಿಂತಲೂ ಎಷ್ಟೋ ಮಂಕು. ಸಾಲದ್ದಕ್ಕೆ ಜೆಪೆಗ್ ಮಾಡುವಾಗ ಸಾಮಾನ್ಯವಾಗಿ ಬಣ್ಣದ ವಿವರವನ್ನು ಹೊಳಪಿನ ವಿವರಕ್ಕಿಂತ ಒರಟಾಗಿ ಉಳಿಸಿಕೊಳ್ಳುತ್ತಾರೆ, ಫೈಲು ಚಿಕ್ಕದಾಗಲಿ ಅಂತ. ಕಪ್ಪಿನ ಮೇಲಿನ ತೆಳು ಕೆಂಪುಗೆರೆಗೆ ಹೊಳಪಿನ ವ್ಯತ್ಯಾಸವೇ ಕಡಿಮೆ, ಇರುವುದೆಲ್ಲ ಬಣ್ಣದ ವ್ಯತ್ಯಾಸ. ಆದ್ದರಿಂದ ಮೊದಲು ಕಲಸಿಹೋಗುವುದು ಅದೇ. ದಿನವಿಡೀ ಇಮೇಜ್ ಪೈಪ್‌ಲೈನ್ ಬರೆಯುವ ಎಂಜಿನಿಯರುಗಳು ಆ ಗ್ರೂಪಿನಲ್ಲಿದ್ದಾರೆ ಸ್ವಾಮಿ. ಆಫೀಸಿನಲ್ಲಿ ಗೊತ್ತಿರುವ ವಿಷಯ ಗೆಳೆಯನ ಚಿತ್ರ ಬಂದಾಗ ಮರೆತುಹೋಗುತ್ತದೆ. ಆಟದ ಹೆಸರು ಚಿಕ್ಕ ಡಬ್ಬಿಯನ್ನು ಹೆಚ್ಚುಕಮ್ಮಿ ತುಂಬಿರಲಿ ಅಂತ ಸ್ಟೀಮ್‌ನ ಕೈಪಿಡಿಯಲ್ಲೇ ಇದೆ. ಅದನ್ನೂ ಓದುವುದಿಲ್ಲ. ದೊಡ್ಡ ಚಿತ್ರ ಒಂದು ಬರೆದು ಎಲ್ಲ ಅಳತೆಗೂ ಕತ್ತರಿಸಿ ಕೊಡ್ತಾರೆ. ಉದ್ದದ ಡಬ್ಬಿ, ಅಡ್ಡದ ಡಬ್ಬಿ, ಚಿಕ್ಕ ಡಬ್ಬಿ ಒಂದೊಂದನ್ನೂ ಬೇರೆಯಾಗಿಯೇ ಜೋಡಿಸಬೇಕು, ಬೇರೆ ದಾರಿಯಿಲ್ಲ.

ನಮ್ಮೂರ ಕಡೆ ಬಯಲಾಟದ ಚೌಕಿಯಲ್ಲಿ ಬಣ್ಣ ಬರೆದುಕೊಳ್ಳುವವರಿಗೆ ಇದನ್ನೆಲ್ಲ ಯಾರೂ ಪಾಠ ಮಾಡಬೇಕಿರಲಿಲ್ಲ. ರಾಕ್ಷಸನ ಮುಖಕ್ಕೆ ಅಕ್ಕಿಹಿಟ್ಟಿನ ಬಿಳಿ ಚಿಟ್ಟಿ ಮುಳ್ಳುಮುಳ್ಳಾಗಿ ಇಡುತ್ತಾರಲ್ಲ, ಹತ್ತಿರದಿಂದ ನೋಡಿದರೆ ವಿಪರೀತ ಅನ್ನಿಸುತ್ತದೆ. ದೊಂದಿ ಬೆಳಕಿನಲ್ಲಿ, ಗದ್ದೆಯ ಆಚೆ ಅಂಚಿನಲ್ಲಿ ಕಂಬಳಿ ಹೊದ್ದು ಕೂತವನಿಗೂ ಬಂದವನು ಯಾರು ಅಂತ ಆ ಬಿಳಿಯಿಂದಲೇ ಗೊತ್ತಾಗಬೇಕಿತ್ತು. ಅಷ್ಟು ಮಾಡಿಯೂ ಅವನನ್ನು ನೇರ ತಂದು ನಿಲ್ಲಿಸುವುದಿಲ್ಲ. ಮೊದಲು ತೆರೆ ಹಿಡಿಯುತ್ತಾರೆ. ಕಿರೀಟದ ತುದಿ, ಒಂದು ಅಬ್ಬರ, ಅಷ್ಟೇ. ಹೆದರಿಕೆ ಹುಟ್ಟುವುದು ತೆರೆಯ ಹಿಂದೆ.

2010ರಲ್ಲಿ ಬಂದ 'ಲಿಂಬೋ' ಮಾಡಿದ್ದು ಇದನ್ನೇ ಅಲ್ವಾ? ಬೂದು ಮಂಜಿನ ಕಾಡು, ಕಪ್ಪು ನೆರಳಿನಂಥ ಹುಡುಗ, ಅವನ ಎರಡು ಬಿಳಿ ಕಣ್ಣು. ರಕ್ತವೂ ಇಲ್ಲ, ಕಿರುಚುವ ಬಾಯಿಯೂ ಇಲ್ಲ. ಎಷ್ಟು ಕುಗ್ಗಿಸಿದರೂ ಆ ಎರಡು ಚುಕ್ಕೆ ಉಳಿದುಕೊಳ್ಳುತ್ತವೆ. ಈ ಮಗು ಒಬ್ಬನೇ ಇಲ್ಲೇನು ಮಾಡ್ತಿದೆ ಅನ್ನುವ ಪ್ರಶ್ನೆಯೂ ಉಳಿಯುತ್ತದೆ.

ಎದುರು ಪಾರ್ಟಿಯವರು ಈಗ 'ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್' ಹೆಸರು ಹೇಳ್ತಾರೆ, ಗೊತ್ತು. ಸ್ಕಾಟ್ ಕಾಥಾನ್ 2014ರಲ್ಲಿ ಆ ಕರಡಿ ಬೊಂಬೆಯ ಮುಖವನ್ನೇ ಮುಂದಿಟ್ಟು ಗೆದ್ದರು ನಿಜ. ಆದರೆ ಆ ಆಟ ಇರುವುದೇ ಆ ಮುಖದ ಬಗ್ಗೆ. ಕ್ಯಾಮೆರಾದಲ್ಲಿ ಅದನ್ನು ಕಾಯುತ್ತಾ ಕೂರುವುದು, ಕೊನೆಗೆ ಅದು ಮೈಮೇಲೆ ಬರುವುದು. ಅದನ್ನು ನೋಡಿ ಎಲ್ಲರೂ ಹಲ್ಲು ಕಿರಿಯುವ ಮುಖ ಅಂಟಿಸತೊಡಗಿದರು. ಒಳಗೆ ಮುಖವೇ ಇಲ್ಲದ, ಬರೀ ನಡೆದಾಡುವ ಆಟಕ್ಕೂ ಹಲ್ಲು! ಈಗಂತೂ ಎಐ ಕೈಯಲ್ಲಿ ಬರೆಸಿದ ಅದೇ ಹಲ್ಲು, ಅದೇ ಹೊಳೆಯುವ ಕಣ್ಣು. 2024ರ ಜನವರಿಯಿಂದ ಸ್ಟೀಮ್ ಎಐ ಬಳಸಿದ್ದನ್ನು ಹೇಳಿಕೊಳ್ಳಬೇಕು ಅಂತ ನಿಯಮ ಮಾಡಿದೆ, ಹೇಳದಿದ್ದರೂ ನೋಡಿದ ಕೂಡಲೇ ಗೊತ್ತಾಗುತ್ತೆ ಬಿಡಿ.

ಇದು ರುಚಿಯ ಜಗಳ ಮಾತ್ರ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇಲ್ಲಿ ದುಡ್ಡಿನ ಲೆಕ್ಕ ಇದೆ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ, ಸ್ಟೀಮ್‌ನಲ್ಲಿ ಹಣ ವಾಪಸ್ ಕೇಳಬಹುದು. ಒಬ್ಬಿಬ್ಬರು ಮಾಡುವ ಹಾರರ್ ಆಟಗಳು ಎಷ್ಟೋ ಸಲ ಒಂದೂವರೆ ಗಂಟೆಗೆ ಮುಗಿಯುತ್ತವೆ. ಅಂದರೆ ಪೂರ್ತಿ ಆಡಿ, ಮುಗಿಸಿ, ದುಡ್ಡೂ ವಾಪಸ್. 2021ರಲ್ಲಿ 'ಸಮ್ಮರ್ ಆಫ್ 58' ಎಂಬ ಹಾರರ್ ಆಟ ಮಾಡಿದ ಎಮಿಕಾ ಗೇಮ್ಸ್, ಒಳ್ಳೆಯ ವಿಮರ್ಶೆ ಬಂದರೂ ಹೀಗೆ ವಾಪಸ್ ಹೋದ ಪ್ರತಿಗಳು ವಿಪರೀತ ಎಂದು ಆಟ ಮಾಡುವುದನ್ನೇ ಬಿಡುತ್ತೇನೆ ಎಂದು ಘೋಷಿಸಿತ್ತು. ಅವರ ತೊಂದರೆಗೆ ಥಂಬ್‌ನೇಲ್ ಕಾರಣ ಅಂತ ನಾನು ಹೇಳುತ್ತಿಲ್ಲ. ಆಟ ಚೆನ್ನಾಗಿದ್ದೂ ಹೀಗಾಗುವ ಸಂತೆಯಲ್ಲಿ, ದೆವ್ವ ಅಟ್ಟಿಸಿಕೊಂಡು ಬರುತ್ತೆ ಅಂತ ಚಿತ್ರ ತೋರಿಸಿ ಒಳಗೆ ಮೌನವಾದ ಪಾಳು ಮನೆ ಕೊಟ್ಟರೆ ಏನಾದೀತು? ಓಡುವ ಆಟ ಬೇಕಾದವನು ಇಪ್ಪತ್ತು ನಿಮಿಷಕ್ಕೆ ಬೈದು ಹಣ ವಾಪಸ್ ತಗೋತಾನೆ. ಮೌನವೇ ಬೇಕಿದ್ದವನು ಆ ಚಿತ್ರ ನೋಡಿ ಮುಂದೆ ಹೋಗಿರುತ್ತಾನೆ. ಎರಡೂ ಕಡೆಯಿಂದ ಹೊಡೆತ.

'ಡೋಕಿ ಡೋಕಿ ಲಿಟರೇಚರ್ ಕ್ಲಬ್' ಗುಲಾಬಿ ಬಣ್ಣದ ಮುದ್ದು ಹುಡುಗಿಯರನ್ನು ತೋರಿಸಿ ಒಳಗೆ ಹೆದರಿಸಲಿಲ್ಲವೇ ಅಂತ ಕೇಳ್ತೀರಿ. ಹೌದು, 2017ರಲ್ಲಿ ಅದನ್ನು ಪುಕ್ಕಟೆಯಾಗಿ ಹಂಚಿದರು, ಒಳಗಿನದು ಎಲ್ಲರಿಗೂ ಆಗಿಬರುವುದಲ್ಲ ಎಂಬ ಎಚ್ಚರಿಕೆಯನ್ನೂ ಹಾಕಿದ್ದರು. ನೀವು ಕಾಸು ತಗೊಳ್ತಿದ್ದೀರಿ.

ಪದಗಳಿಂದ ಪಾರಾಗುವ ದಾರಿಯೂ ಮುಚ್ಚಿದೆ. 2022ರ ಸೆಪ್ಟೆಂಬರಿನಿಂದ ಕ್ಯಾಪ್ಸೂಲ್ ಮೇಲೆ ಪ್ರಶಸ್ತಿ, ವಿಮರ್ಶೆಯ ಅಂಕ, ರಿಯಾಯಿತಿ ಯಾವುದನ್ನೂ ಬರೆಯುವಂತಿಲ್ಲ. ಚಿತ್ರ, ಆಟದ ಹೆಸರು, ಉಪಶೀರ್ಷಿಕೆ, ಮುಗೀತು. ಒಳ್ಳೆಯ ನಿಯಮವೇ. ಬಡವನಿಗೂ ದೊಡ್ಡ ಕಂಪನಿಗೂ ಅಷ್ಟೇ ಪಿಕ್ಸೆಲ್.

ನನ್ನ ಗೆಳೆಯನ ಆಟದಲ್ಲಿ ಹಿತ್ತಿಲ ಬಾವಿ ಒಂದಿದೆ. ವರ್ಷಗಳಿಂದ ಯಾರೂ ನೀರು ಸೇದಿಲ್ಲ. ಆದರೂ ರಾಟೆಯ ಹಗ್ಗ ಯಾವಾಗ ನೋಡಿದರೂ ಬಿಗಿಯಾಗಿರುತ್ತದೆ, ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಆಟ ಆಡಿದವರೆಲ್ಲ ಮಾತಾಡುವುದು ಆ ಹಗ್ಗದ ಬಗ್ಗೆಯೇ. ಮುಸ್ಸಂಜೆಯ ಬಿಳಿಚಿದ ಆಕಾಶ, ಅದರೆದುರು ಕಪ್ಪಗೆ ಒಂದು ರಾಟೆ, ನೆಟ್ಟಗೆ ಕೆಳಗಿಳಿದ ಒಂದು ಗೆರೆ, ಪಕ್ಕದಲ್ಲಿ ದಪ್ಪಕ್ಷರದ ಹೆಸರು. ಬಣ್ಣ ತೆಗೆದು ನೋಡಿ, ಕಣ್ಣು ಕಿರಿದು ಮಾಡಿ ನೋಡಿ, ಆ ಗೆರೆ ಅಲ್ಲೇ ಇರುತ್ತದೆ. ಚಿಕ್ಕ ಡಬ್ಬಿಯಲ್ಲಿ ರಾಟೆಗೆ ಜಾಗ ಸಾಲದಿದ್ದರೆ ಹೆಸರಿನ ಒಂದು ಅಕ್ಷರದಿಂದಲೇ ಹಗ್ಗ ಇಳಿಬಿಡು ಅಂದೆ. ಅಕ್ಟೋಬರಿನಲ್ಲಿ ಸ್ಟೀಮ್‌ನ ಸ್ಕ್ರೀಮ್ ಫೆಸ್ಟ್ ಬರುತ್ತದೆ, ಪುಟದ ತುಂಬ ಹಾರರ್ ಆಟಗಳೇ. ಅಷ್ಟರೊಳಗೆ ಬದಲಾಯಿಸೋ ಅಂತ ಹಿಂದೆ ಬಿದ್ದಿದ್ದೇನೆ. ಗ್ರೂಪಿನವರು ಮಾತ್ರ ಕೇಳುತ್ತಿದ್ದಾರೆ, "ರಕ್ತ ಎಲ್ಲಿ ಮಚ್ಚಾ?"