ಅಕ್ಷರಕ್ಕಿಂತ ಮೊದಲು ಮಾತು

ತಳಪಾಯ ಹಾಕುವದಕ್ಕೆ ಮೊದಲೇ ಮಾಳಿಗೆಗೆ ತೊಲೆ ಏರಿಸಹೊರಟ ಗೃಹಸ್ಥನನ್ನು ನಾವಾರೂ ಜಾಣನೆಂದು ಕರೆಯಲಾರೆವು. ಆದರೆ ಮಕ್ಕಳ ವಿದ್ಯೆಯ ವಿಷಯದಲ್ಲಿ ನಮ್ಮ ಪಟ್ಟಣಗಳ ಸುಶಿಕ್ಷಿತರು ಇಂದು ಮಾಡುತ್ತಿರುವದು ಇದನ್ನೇ. ಮೂರು ವರ್ಷ ತುಂಬಿದ ಕೂಸನ್ನು ನರ್ಸರಿಯ ಬಾಗಿಲಿಗೆ ಒಯ್ಯುವದು, ನಾಲ್ಕಕ್ಕೆ ಅದರ ಬೆರಳುಗಳ ನಡುವೆ ಪೆನ್ಸಿಲು ತುರುಕಿ ಗೆರೆ ಪುಸ್ತಕಗಳನ್ನು ತುಂಬಿಸುವದು, ಐದಕ್ಕೆ ಸಂಜೆಯ ಮನೆಪಾಠಕ್ಕೆ ಕೂಡ್ರಿಸುವದು. ಇಷ್ಟಾದರೆ ತಮ್ಮ ಕರ್ತವ್ಯ ತೀರಿತೆಂದು ಅನೇಕ ಪಾಲಕರು ನಂಬಿದ್ದಾರೆ. ಈ ನಂಬುಗೆಯು ತಪ್ಪೆಂದೂ, ಅದರ ದಂಡವನ್ನು ತೆರುವವರು ನಾವಲ್ಲ, ನಮ್ಮ ಮಕ್ಕಳೆಂದೂ ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ.

ಪಾಲಕರ ಪಕ್ಷದಲ್ಲಿ ಹೇಳಬೇಕಾದ ಮಾತು ಇಲ್ಲವೆಂದಲ್ಲ. ಹಿಂದುಳಿದರೆ ಮಗುವಿಗೆ ಮುಂದೆ ಒಳ್ಳೆಯ ಶಾಲೆಯಲ್ಲಿ ಸ್ಥಳ ಸಿಕ್ಕದೆಂಬ ಭಯವು ಅವರದು. ಈ ಭಯವು ಎಷ್ಟು ಬಲವಾದದ್ದೆಂಬುದಕ್ಕೆ 2025ರಲ್ಲಿ ನಡೆದ ಸಂಗತಿಯೇ ಸಾಕ್ಷಿ. ಒಂದನೆಯ ತರಗತಿಗೆ ಸೇರುವ ಕೂಸಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವು ಆ ವರ್ಷ ಜಾರಿಗೆ ಬರತಕ್ಕದ್ದಾಗಿದ್ದಿತು. ಪಾಲಕರ ಒತ್ತಾಯಕ್ಕೆ ಮಣಿದು ಕರ್ನಾಟಕ ಸರಕಾರವು ಆ ಒಂದು ವರ್ಷದ ಮಟ್ಟಿಗೆ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಬೇಕಾಯಿತು. ಆದರೆ ಈ ಭಯಕ್ಕೆ ಕಾಯದೆಯ ಆಧಾರವಿಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯದೆಯ 13ನೆಯ ಕಲಮು, ಒಂದನೆಯ ತರಗತಿಗೆ ಸೇರಿಸಿಕೊಳ್ಳುವಾಗ ಕೂಸನ್ನಾಗಲಿ ಅದರ ತಂದೆತಾಯಿಗಳನ್ನಾಗಲಿ ಪರೀಕ್ಷೆಗೆ ಗುರಿಮಾಡಕೂಡದೆಂದು ಸ್ಪಷ್ಟವಾಗಿ ಹೇಳುವದು. ಓದಲು ಬಾರದ ಕೂಸನ್ನು ಹಿಂದಕ್ಕೆ ಕಳಿಸುವ ಅಧಿಕಾರವು ಯಾವ ಮುಖ್ಯಾಧ್ಯಾಪಕನಿಗೂ ಇಲ್ಲ. ಓದು ಕಲಿಸುವದಕ್ಕೇ ಅಲ್ಲವೆ ಒಂದನೆಯ ತರಗತಿಯಿರುವದು?

ಹಾಗಾದರೆ ಮೂರರಿಂದ ಆರರವರೆಗೆ ಕೂಸು ಕಲಿಯತಕ್ಕದ್ದೇನು? ಮಾತನ್ನು, ಕೇಳುವದನ್ನು, ಕೈಯ ಹದವನ್ನು. ಈ ಮೂರು ಸಿದ್ಧವಾದ ಕೂಸಿಗೆ ಅಕ್ಷರವು ಸುಲಭವಾಗಿ ಒಲಿಯುವದು. ಸಿದ್ಧವಾಗದ ಕೂಸಿಗೆ ಅಕ್ಷರವೆಂದರೆ ಹೊರೆಯಾಗುವದು.

ಕೈಯನ್ನೇ ಮೊದಲು ನೋಡೋಣ. ನಾಲ್ಕು ವರ್ಷದ ಕೂಸಿನ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ಣವಾಗಿ ಗಟ್ಟಿಯಾಗಿರುವದಿಲ್ಲವೆಂಬುದು ವೈದ್ಯಶಾಸ್ತ್ರದ ನಿಶ್ಚಿತವಾದ ಮಾತು. ಆ ಕೈಗೆ ಬೇಕಾದದ್ದು ಜೇಡಿಮಣ್ಣು, ಉಸುಕು, ಮಣಿಪೋಣಿಸುವ ದಾರ, ರೊಟ್ಟಿಯ ಹಿಟ್ಟಿನದೊಂದು ಉಂಡೆ. ರೋಮ್ ನಗರದ ಬಡವರ ಓಣಿಯಲ್ಲಿ 1907ರಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸ್ಸರಿಯವರು ಗುಂಡಿ ಹಾಕುವದು, ನೀರು ಸುರಿಯುವದು, ವಸ್ತುಗಳನ್ನು ಒಪ್ಪವಾಗಿಡುವದು ಇವುಗಳಿಂದಲೇ ಪಾಠವನ್ನು ಆರಂಭಿಸಿದರು. ಆಮೇಲೆ ಅಕ್ಷರ ಕಲಿಸುವಾಗಲೂ ಮೊದಲು ಉಸುಕುಕಾಗದದ ಅಕ್ಷರವನ್ನು ಬೆರಳಿನಿಂದ ಸವರಿಸಿದರು, ಲೇಖನಿ ಹಿಡಿಸಲಿಲ್ಲ. ಅವರ ಹೆಸರಿನ ಫಲಕವನ್ನು ತೂಗಹಾಕಿಕೊಂಡು ಗೆರೆ ಪುಸ್ತಕ ತುಂಬಿಸುವ ಶಾಲೆಗಳು ಇಂದು ನಮ್ಮ ಊರೂರಿಗೆ ಇರುವದು ವಿಷಾದದ ಸಂಗತಿ.

ಇನ್ನು ಕಿವಿ. ಇಲ್ಲಿ ನಮ್ಮ ಕನ್ನಡವು ಕೂಸಿಗೆ ಮಾಡಿರುವ ಉಪಕಾರವನ್ನು ನಾವು ಗಮನಿಸಿಯೇ ಇಲ್ಲ. "ಕಮಲ" ಎಂದು ಹೇಳುತ್ತ ಕೂಸು ಮೂರು ಸಾರೆ ಚಪ್ಪಾಳೆ ತಟ್ಟಿದರೆ ಬರಹದಲ್ಲಿಯೂ ಮೂರೇ ಅಕ್ಷರ. "ಅಮ್ಮ" ಎಂದು ಎರಡು ಸಾರೆ ತಟ್ಟಿದರೆ ಎರಡೇ ಅಕ್ಷರ. ಕಿವಿಯು ಬಿಡಿಸಿದ್ದನ್ನೇ ಕಣ್ಣು ಮುಂದೆ ಕಾಣುವದು. ಇಂಗ್ಲಿಷಿನಲ್ಲಿ "ಕ್ಯಾಟ್" ಎಂಬ ಒಂದೇ ಉಚ್ಚಾರಕ್ಕೆ ಮೂರು ಅಕ್ಷರಗಳು. ಆ ಒಂದು ಉಚ್ಚಾರದ ಒಳಗಿನ ಧ್ವನಿಗಳನ್ನು ಕೂಸು ಸೀಳಿ ತೆಗೆಯಬೇಕು. ಆದುದರಿಂದ ಕನ್ನಡದ ಕೂಸಿಗೆ ಶಿಶುಪ್ರಾಸ, ಒಗಟು, ಚಪ್ಪಾಳೆಯಾಟ, "ಕ ಎಂದು ಮೊದಲಾಗುವ ಪದ ಹೇಳು" ಎಂಬ ಸ್ಪರ್ಧೆ, ಇವೇ ಓದಿನ ನಿಜವಾದ ಪೂರ್ವಸಿದ್ಧತೆ. ಪಂಜೆ ಮಂಗೇಶರಾಯರು ಶಾಲೆಗಳ ಅನುಭವದಿಂದ ಮಕ್ಕಳಿಗಾಗಿ ಹಾಡು ಕಟ್ಟಿದ್ದು ಬರಿಯ ವಿನೋದಕ್ಕಲ್ಲ. ಕಣ್ಣಿಗೂ ಹೀಗೆಯೇ ಸಿದ್ಧತೆ ಬೇಕು. ಮ–ಯ, ದ–ಧ, ರ–ಠಗಳ ಭೇದವನ್ನು ಗುರುತಿಸಬೇಕಾದ ಕಣ್ಣು ಮೊದಲು ಎಲೆಗಳನ್ನೂ ಕಾಳುಗಳನ್ನೂ ರಂಗೋಲಿಯ ಎಳೆಗಳನ್ನೂ ಬೇರ್ಪಡಿಸಿ ನೋಡಲು ಕಲಿತಿರಬೇಕು. ಕಾಗುಣಿತ, ಒತ್ತಕ್ಷರಗಳು ಸೇರಿ ನಮ್ಮ ಲಿಪಿಯ ರೂಪಗಳು ನೂರಾರು ಇರುವದರಿಂದ, ಅವಸರವು ಇಲ್ಲಿ ಹೆಚ್ಚು ಅಪಾಯಕರ.

ಎಲ್ಲಕ್ಕೂ ಮೂಲವಾದದ್ದು ಮಾತು. ತಿಳಿಯದ ಪದವನ್ನು ಕೂಸು ಓದಿದರೂ ಅದು ಓದಾಗದು. ಆ ಪದಗಳ ಭಂಡಾರವು ತುಂಬುವದು ಮನೆಯ ಮಾತಿನಿಂದ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಮೂರನೆಯ ವರ್ಷದಿಂದಲೇ ಮತ್ತೊಂದು ಭಾಷೆ ಎಂದಾದಾಗ, ಇತ್ತ ಮನೆಯ ಮಾತು ಬೆಳೆಯದೆ, ಅತ್ತ ಶಾಲೆಯ ಮಾತು ತಿಳಿಯದೆ, ಕೂಸು ಮೂಕವಾಗುವದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷಗಳನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿ, ಸಾಧ್ಯವಿದ್ದಲ್ಲೆಲ್ಲ ಮನೆಯ ಭಾಷೆಯಲ್ಲಿ ಕಲಿಸಬೇಕೆಂದು ಹೇಳಿದೆ. ಆದರೆ ಸರಕಾರವು ಬಲವಂತದಿಂದ ಇದನ್ನು ಜಾರಿಗೆ ತರಲಾರದು. ಮಾತೃಭಾಷೆಯ ಮಾಧ್ಯಮವನ್ನು ಪ್ರಾಥಮಿಕ ಶಾಲೆಗಳ ಮೇಲೆ ಕಡ್ಡಾಯವಾಗಿ ಹೇರುವ ಅಧಿಕಾರವು ರಾಜ್ಯಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವು 2014ರ ಮೇ 6ರಂದು ಕರ್ನಾಟಕದ ಮೊಕದ್ದಮೆಯಲ್ಲಿಯೇ ತೀರ್ಪು ಕೊಟ್ಟಿದೆ. ಆಯ್ಕೆಯು ಪಾಲಕರದೆಂದು ನ್ಯಾಯಾಲಯ ಹೇಳಿದ ಮೇಲೆ, ಆ ಆಯ್ಕೆಯ ಹೊಣೆಯೂ ಪಾಲಕರದೇ ಆಯಿತು.

ಇಲ್ಲಿ ಇನ್ನೊಂದು ಮಾತನ್ನು ನಿಷ್ಪಕ್ಷಪಾತದಿಂದ ಹೇಳಲೇಬೇಕು. ನಮ್ಮ ನಾಡಿನ ಎಲ್ಲ ಮನೆಗಳ ಮಾತೂ ಕನ್ನಡವಲ್ಲ. ತುಳು, ಕೊಂಕಣಿ, ಕೊಡವ, ಉರ್ದು, ಲಂಬಾಣಿ ಮಾತಾಡುವ ಮನೆಗಳು ಸಾವಿರ ಸಾವಿರ ಇವೆ. ಇಂಗ್ಲಿಷಿನೆದುರು ಕನ್ನಡದ ಕೂಸಿಗಾಗಿ ನಾವು ಯಾವ ನ್ಯಾಯವನ್ನು ಕೇಳುವೆವೋ, ಅದೇ ನ್ಯಾಯವು ಕನ್ನಡದೆದುರು ತಾಂಡೆಯ ಕೂಸಿಗೂ ಸಲ್ಲತಕ್ಕದ್ದು. ಶಿಕ್ಷಕಿಯು ಆ ಕೂಸಿನ ಮಾತಿನಲ್ಲಿ ಹತ್ತು ಪದಗಳನ್ನು ತಾನು ಕಲಿತು ಅದನ್ನು ಕರೆದರೆ, ಅದು ನಗುತ್ತ ಕನ್ನಡಕ್ಕೆ ಬರುವದು. ಗದರಿಸಿದರೆ ಶಾಲೆಯನ್ನೇ ಬಿಡುವದು.

ನಮ್ಮ ದೇಶಕ್ಕೆ ಈ ತತ್ತ್ವವು ಹೊಸತಲ್ಲ. ಗುಜರಾತದ ಗಿಜುಭಾಯಿ ಬಧೇಕಾ ಅವರು ವಕೀಲರಾಗಿದ್ದರು. ವಕೀಲಿಯನ್ನು ಬಿಟ್ಟು 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದರು. ಮಾಂಟೆಸ್ಸರಿಯವರ ಪದ್ಧತಿಗೆ ನಮ್ಮ ಕಥೆ, ಹಾಡು, ಆಟಗಳನ್ನು ಹೊಂದಿಸಿ, ಹೊಡೆತ ಬಯ್ಗುಳಗಳಿಲ್ಲದೆ ಕಲಿಸಬಹುದೆಂದು ತೋರಿಸಿಕೊಟ್ಟರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಗೆ ಹೋಗಿ, ಶಾಲೆಗೆ ಬಾರದ ಬಡಮಕ್ಕಳ ಬಳಿಗೆ ಶಾಲೆಯನ್ನೇ ಒಯ್ದರು. ಅವರ ಮನೆಯಂಗಳದಲ್ಲಿಯೇ ಪಾಠ ನಡೆಯಿಸಿದರು. ಅಂಗನವಾಡಿಯೆಂಬ ಹೆಸರಿನಲ್ಲಿ ಆ ಅಂಗಳದ ನೆನಪಿದೆ.

ಸರಕಾರದ ಅಂಗನವಾಡಿಗಳು 1975ರ ಅಕ್ಟೋಬರ್ 2ರಂದು ದೇಶದ 33 ಸ್ಥಳಗಳಲ್ಲಿ ಪ್ರಾರಂಭವಾದವು; ಕರ್ನಾಟಕದಲ್ಲಿ ಮೊದಲು ತೆರೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ನಮ್ಮ ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆದರೆ ಪಟ್ಟಣಿಗರು ಅವುಗಳನ್ನು ಬಡವರ ಗಂಜಿಯ ಮನೆಗಳೆಂದು ಕಾಣುತ್ತಾರೆ. ಅಲ್ಲಿಯ ಕಾರ್ಯಕರ್ತೆಯೋ, ಕೂಸುಗಳ ತೂಕ, ಆಹಾರದ ಲೆಕ್ಕ, ಗರ್ಭಿಣಿಯರ ಪಟ್ಟಿ, ದೂರವಾಣಿಯಲ್ಲಿ ತುಂಬಬೇಕಾದ ವಿವರ, ಮೇಲಿಂದ ಮೇಲೆ ಬರುವ ಸಮೀಕ್ಷೆ, ಇವುಗಳ ನಡುವೆ ಹಾಡು ಕಥೆಗಳಿಗೆ ಹೊತ್ತು ಹುಡುಕಬೇಕು. ಅವರು ಸರಕಾರದ ನೌಕರರಲ್ಲವೆಂದು ಕರ್ನಾಟಕದ್ದೇ ಆದ ಅಮೀರ್‌ಬಿ ಮೊಕದ್ದಮೆಯಲ್ಲಿ 2006ರಲ್ಲಿ ತೀರ್ಪಾಯಿತು. ಗ್ರ್ಯಾಚುಯಿಟಿಗೆ ಅವರು ಅರ್ಹರೆಂದು ಅದೇ ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲಿನಲ್ಲಿ ಹೇಳಿತು. ಶಿಕ್ಷಕಿಯ ಕೆಲಸವನ್ನು ಕೇಳಿ, ಶಿಕ್ಷಕಿಯ ಸ್ಥಾನವನ್ನು ಕೊಡದಿರುವದು ನ್ಯಾಯವಲ್ಲ.

ಕಾಯದೆಯೂ ಈ ಕೂಸನ್ನು ಹೊಸ್ತಿಲಾಚೆಗೇ ನಿಲ್ಲಿಸಿದೆ. 2002ರ 86ನೆಯ ತಿದ್ದುಪಡಿಯಿಂದ ಶಿಕ್ಷಣವು ಮೂಲಭೂತ ಹಕ್ಕಾದದ್ದು ಆರರಿಂದ ಹದಿನಾಲ್ಕರವರೆಗಿನವರಿಗೆ ಮಾತ್ರ. ಪಾಲಕರ ಮೂಲಭೂತ ಕರ್ತವ್ಯವೂ ಆರರಿಂದಲೇ. ಆರಕ್ಕಿಂತ ಕಿರಿಯ ಮಕ್ಕಳ ವಿಷಯದಲ್ಲಿ 45ನೆಯ ಅನುಚ್ಛೇದವು ರಾಜ್ಯವು ಪ್ರಯತ್ನಿಸತಕ್ಕದ್ದೆಂದು ಹೇಳಿ ಸುಮ್ಮನಾಗುವದು. ಅದನ್ನು ಹಿಡಿದುಕೊಂಡು ನ್ಯಾಯಾಲಯದ ಮೆಟ್ಟಿಲೇರಿದರೆ ಹಕ್ಕೆಂದು ಜಾರಿಗೊಳಿಸಲು ಬರುವದಿಲ್ಲ. ಆದುದರಿಂದ ಲೋಕಮತವೇ ಈ ಮಕ್ಕಳ ವಕೀಲನಾಗಬೇಕು.

ಶಾಲೆಯೊಂದರಿಂದಲೇ ಇದು ಆಗದು, ಮನೆಯೊಂದರಿಂದಲೂ ಆಗದು. ಅಮೇರಿಕೆಯ ಮಿಶಿಗನ್ ಪ್ರಾಂತದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ 123 ಬಡ ನೀಗ್ರೋ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ನಾಲ್ಕನೆಯ ವಯಸ್ಸಿನಲ್ಲಿ ದಿನಕ್ಕೆ ಎರಡೂವರೆ ತಾಸು ಶಾಲೆ ನಡೆಯಿಸಿದರು. ಶಿಕ್ಷಕಿಯು ವಾರಕ್ಕೊಮ್ಮೆ ಒಂದೂವರೆ ತಾಸು ಕೂಸಿನ ಮನೆಗೆ ಹೋಗಿ ತಾಯಿಯೊಡನೆ ಕೂಡಿ ಕಲಿಸುತ್ತಿದ್ದಳು. ಬುದ್ಧಿಪರೀಕ್ಷೆಯ ಅಂಕಗಳಲ್ಲಿ ದೊರೆತ ಮುನ್ನಡೆಯು ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೆ ನಾಲ್ವತ್ತನೆಯ ವಯಸ್ಸಿನಲ್ಲಿ ವಿಚಾರಿಸಿದಾಗ ಆ ಗುಂಪಿನಲ್ಲಿ ಪ್ರೌಢಶಾಲೆ ಮುಗಿಸಿದವರು ನೂರಕ್ಕೆ 77, ಇನ್ನೊಂದರಲ್ಲಿ 60. ಉಳಿದದ್ದು ಅಂಕವಲ್ಲ, ಕಲಿಯುವ ಸ್ವಭಾವ. ನಮ್ಮ ಅಂಗನವಾಡಿಯ ಕಾರ್ಯಕರ್ತೆಯಾದರೋ ಈಗಲೇ ಮನೆ ಮನೆಗೆ ಹೋಗುವವಳು. ಪೋಷಣೆಯ ಮಾತಿನೊಡನೆ ಆಟಪಾಠದ ಮಾತನ್ನೂ ಆಡುವಷ್ಟು ಬಿಡುವನ್ನು ಆಕೆಗೆ ಕೊಟ್ಟರೆ ಸಾಕು.

ಕೊನೆಗೆ, ಮಾಡತಕ್ಕದ್ದೇನೆಂಬುದನ್ನು ಕಿರಿದರಲ್ಲಿ ಹೇಳುವೆವು. ಮನೆಯವರು ಅವರೆಕಾಯಿ ಬಿಡಿಸುವಾಗ ಕೂಸನ್ನು ಬಳಿಗೆ ಕೂಡ್ರಿಸಿಕೊಂಡು ಕಾಳು ಎಣಿಸಲಿ. ಹುಣಿಸೆಬೀಜದಿಂದ ಚೆನ್ನೆಮಣೆ ಆಡಿಸಲಿ. ಅದರ ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಲಿ. ರಾತ್ರಿ ಒಂದು ಕಥೆ ಹೇಳಿ ಮರುದಿನ ಅದರಿಂದಲೇ ಆ ಕಥೆ ಹೇಳಿಸಲಿ. ಊಟದ ತಟ್ಟೆಯ ಮುಂದೆ ಮೊಬೈಲು ಹಿಡಿಯದಿರಲಿ. ಇದಕ್ಕೆ ಒಂದು ಕಾಸೂ ಬೇಡ, ಓದುಬಾರದ ತಾಯಿಯೂ ಇದನ್ನು ಮಾಡಬಲ್ಲಳು. ಶಾಲೆಯವರು ಐದು ತುಂಬುವವರೆಗೆ ಬರವಣಿಗೆಯನ್ನು ಒತ್ತಾಯಿಸದಿರಲಿ, ಮನೆಪಾಠವನ್ನು ಸರ್ವಥಾ ಕೊಡದಿರಲಿ. ಊರಿನ ಪ್ರಮುಖರು ತಮ್ಮ ಓಣಿಯ ಅಂಗನವಾಡಿಗೆ ಒಮ್ಮೆ ಹೋಗಿ, ಅಲ್ಲಿ ಒಂದು ಗಾಡಿ ಉಸುಕು, ಒಂದು ಕಪಾಟು ಚಿತ್ರದ ಪುಸ್ತಕ, ಒಣಗಿದ ನೆಲ ಉಂಟೋ ಇಲ್ಲವೋ ನೋಡಿ ಬರಲಿ. ಒಂದನೆಯ ತರಗತಿಯ ಶಿಕ್ಷಕರು ಅಂಗನವಾಡಿಯ ಕಾರ್ಯಕರ್ತೆಯನ್ನು ಸಹೋದ್ಯೋಗಿಯೆಂದು ತಿಳಿದು, ತಿಂಗಳಿಗೊಮ್ಮೆಯಾದರೂ ಆಕೆಯೊಡನೆ ಕುಳಿತು ಮಾತಾಡಲಿ.

ಬರುವ ಜೂನಿನಲ್ಲಿ ಮಗುವನ್ನು ಶಾಲೆಗೆ ಸೇರಿಸಹೋಗುವ ಪಾಲಕರೇ, "ವರ್ಷದ ಕೊನೆಗೆ ಎಷ್ಟು ಅಕ್ಷರ ಬರೆಯುವದು?" ಎಂದು ಕೇಳಬೇಡಿರಿ. "ಎಷ್ಟು ಹಾಡು, ಎಷ್ಟು ಕಥೆ ಕಲಿಸುವಿರಿ? ದಿನಕ್ಕೆ ಎಷ್ಟು ಹೊತ್ತು ಆಡಬಿಡುವಿರಿ?" ಎಂದು ಕೇಳಿರಿ. ಊರಿನ ನೂರು ಪಾಲಕರು ಈ ಪ್ರಶ್ನೆಯನ್ನು ಕೇಳತೊಡಗಿದರೆ, ಯಾವ ಕಾಯದೆಯೂ ಬೇಡ, ಶಾಲೆಗಳು ತಾವಾಗಿಯೇ ತಿದ್ದಿಕೊಳ್ಳುವವು.